ಬುನಾಕೆನ್‌ನ ಹವಳದ ಗೋಡೆ

ಬುನಾಕೆನ್ ದ್ವೀಪದ ದಕ್ಷಿಣ ದಂಡೆಯಲ್ಲಿ ಕಡಲಿಗೆ ಎರಡೇ ಬಣ್ಣ. ದಂಡೆಯ ಬದಿಗೆ ತಿಳಿಹಸಿರು, ಆಚೆಗೆ ಕಡುನೀಲಿ. ಎರಡೂ ಸೇರುವ ಕಡೆ ಗೆರೆ ಎಳೆದ ಹಾಗಿದೆ. ಹಸಿರು ಮೆಲ್ಲಗೆ ನೀಲಿಗೆ ತಿರುಗುವುದು ಇಲ್ಲಿಲ್ಲ. ಇಳಿತದ ಹೊತ್ತಿನಲ್ಲಿ ಗೆರೆಯ ಈಚೆ ಮೊಣಕಾಲುದ್ದ ನೀರು. ಗೆರೆ ದಾಟಿ ಒಂದೆರಡು ಮಾರು ಹೋದರೆ ಕಾಲ ಕೆಳಗೆ ನೆಲವೇ ಇಲ್ಲ. ಹವಳದ ಗೋಡೆ ಅಲ್ಲಿಂದ ನೆಟ್ಟಗೆ ಇಳಿಯುತ್ತದೆ. ಹವ್ಯಾಸಕ್ಕೆ ಮುಳುಗುವವರ ಮಿತಿ 40 ಮೀಟರಿಗೆ ಮುಗಿಯುತ್ತದೆ, ಗೋಡೆ ಮುಗಿಯುವುದಿಲ್ಲ. ಈ ದ್ವೀಪಗಳ ನಡುವಿನ ಕಡಲು ಸಾವಿರ ಮೀಟರಿಗೂ ಮಿಕ್ಕಿ ಆಳವಿದೆ.

ಹವಳದ ಗೋಡೆಗಳು ಬೇರೆ ಕಡೆಯೂ ಇವೆ. ಲಿಟಲ್ ಕೇಮನ್‌ನ ಬ್ಲಡಿ ಬೇ, ಪಲಾವ್ ದ್ವೀಪಗಳು, ಮಲೇಷ್ಯಾದ ಸಿಪಾದಾನ್ ಇವೆಲ್ಲ ಹೆಸರಾದ ಜಾಗಗಳೇ. ನನ್ನ ಮನಸ್ಸು ಬುನಾಕೆನ್ ಕಡೆಗೆ ವಾಲಿದ್ದಕ್ಕೆ ಕಾರಣ ಈ ಗೋಡೆಯ ನೆತ್ತಿಯ ಮೇಲೆ ಊರುಗಳಿರುವುದು. ಇಂಡೋನೇಷ್ಯಾದ ಸುಲವೇಸಿ ದ್ವೀಪದ ಉತ್ತರ ತುದಿಯಲ್ಲಿ ಮನಾಡೋ ಪಟ್ಟಣ. ಅದರ ಎದುರಿಗೆ ಬುನಾಕೆನ್, ಮನಾಡೋ ತುವಾ, ಸಿಲಾಡೆನ್, ಮಂತೆಹಾಗೆ, ನಾಯಿನ್ ಎಂಬ ಐದು ದ್ವೀಪಗಳು. ಈ ಐದನ್ನೂ ಸುತ್ತಲ ಕಡಲನ್ನೂ ಸುಲವೇಸಿಯ ದಂಡೆಯ ಒಂದಿಷ್ಟು ಭಾಗವನ್ನೂ ಸೇರಿಸಿ 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿದ್ದವು, ಇವತ್ತಿಗೂ ಇವೆ. ಮೀನು ಹಿಡಿಯುವವರು, ತೆಂಗಿನ ತೋಟದವರು, ನಾಯಿನ್‌ನಲ್ಲಿ ಕಡಲ ಪಾಚಿ ಬೆಳೆಯುವ ಬಾಜೋ ಜನ, ಎಲ್ಲರೂ ಉದ್ಯಾನದ ಒಳಗಿನವರೇ.

ತಂಗಿಯ ಮಗಳು ಸಿಂಗಪುರದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಂದ ಮನಾಡೋಗೆ ನೇರ ವಿಮಾನವಿದೆ, ನಾಲ್ಕು ಗಂಟೆಯೂ ಹಿಡಿಯುವುದಿಲ್ಲ. ನಾವಿಬ್ಬರೂ ಸ್ಕೂಬಾ ಕಲಿತದ್ದು ಮುರ್ಡೇಶ್ವರದ ಆಚೆಯ ನೇತ್ರಾಣಿಯಲ್ಲಿ. ಅಲ್ಲಿ ದೊಡ್ಡ ಬಂಡೆಗಳ ಮೇಲೆ ಹವಳ, ಬಂಡೆಗಳ ಬುಡದಲ್ಲಿ ಮರಳು. ಎಷ್ಟೇ ಇಳಿದರೂ ಕೆಳಗೆ ತಳವೊಂದು ಕಾಣುತ್ತಿರುತ್ತದೆ, ಅದೊಂದು ಧೈರ್ಯ. ಬುನಾಕೆನ್‌ನಲ್ಲಿ ಆ ಧೈರ್ಯವನ್ನು ಬೇರೆ ಎಲ್ಲಿಂದಲೋ ತಂದುಕೊಳ್ಳಬೇಕು.

ನಮ್ಮ ಗೈಡ್ ಬುನಾಕೆನ್ ಹಳ್ಳಿಯವರೇ, ಐವತ್ತು ದಾಟಿದವರು. ಮನಾಡೋ ಕಡೆ ಹಿರಿಯ ಗಂಡಸರನ್ನು ಓಂ ಎಂದು ಕರೆಯುವುದು ರೂಢಿ. ನಾವೂ ಅವರನ್ನು ಓಂ ಎಂದೆವು, ಅವರು ನನ್ನನ್ನು ಗೌರವದಿಂದ ಇಬು, ಅಂದರೆ ಅಮ್ಮ, ಎಂದರು. ಮರದ ದೋಣಿಯ ಮಧ್ಯದಲ್ಲಿ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಒಂದು ಚಿಕ್ಕ ಬಿಳಿ ಹಲಗೆಯ ಮೇಲೆ ಅವರು ಗೋಡೆಯ ಚಿತ್ರ ಬರೆದು ತೋರಿಸಿದರು.

“ಹೋಗುವಾಗ ಗೋಡೆ ನಿಮ್ಮ ಬಲಕ್ಕಿರಬೇಕು. ಸೆಳೆತ ಎತ್ತ ಒಯ್ಯುತ್ತದೋ ಅತ್ತ ಹೋಗೋಣ, ಈಜುವುದು ಬೇಡ. ದೋಣಿ ಮೇಲಿನಿಂದ ನಮ್ಮ ಗುಳ್ಳೆ ನೋಡಿಕೊಂಡು ಹಿಂದೆ ಬರುತ್ತದೆ. ಆಳ ಎಷ್ಟೆಂದು ಕೈಗೆ ಕಟ್ಟಿದ ಕಂಪ್ಯೂಟರ್ ನೋಡಿಯೇ ತಿಳಿಯಬೇಕು, ಕಣ್ಣನ್ನು ನಂಬಬೇಡಿ ಇಬು. ಕೆಳಗೆ ನೆಲ ಇಲ್ಲದ ಕಡೆ ಕಣ್ಣಿಗೆ ಅಂದಾಜು ಸಿಗುವುದಿಲ್ಲ.”

ಈ ಕೊನೆಯ ಮಾತು ಬಹಳ ಮುಖ್ಯವಾದದ್ದು. ನೀರು ಸ್ಫಟಿಕದಷ್ಟು ತಿಳಿಯಾಗಿರುವಾಗ 20 ಮೀಟರಿಗೂ 30 ಮೀಟರಿಗೂ ಕಣ್ಣಿಗೆ ವ್ಯತ್ಯಾಸವೇ ಕಾಣದು, ಆದರೆ ದೇಹಕ್ಕೆ ಅದು ದೊಡ್ಡ ವ್ಯತ್ಯಾಸ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 30 ಮೀಟರಿನಲ್ಲಿ ಮೇಲಿನದರ ನಾಲ್ಕು ಪಟ್ಟು ಒತ್ತಡ. ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ, ಆ ಗಾಳಿಯ ಸಾರಜನಕ ರಕ್ತಕ್ಕೂ ಅಂಗಾಂಶಕ್ಕೂ ಹೆಚ್ಚು ಹೆಚ್ಚು ಇಳಿಯುತ್ತದೆ. ಇನ್ನೂ ಕೆಳಗೆ ಹೋದರೆ ಅದೇ ಸಾರಜನಕ ತಲೆಗೇರಿ ಅಮಲು ಹುಟ್ಟಿಸುತ್ತದೆ. ಆಳವನ್ನು ನೋಡಿ ಹೆದರುವವರಿಗಿಂತ ಮೈಮರೆಯುವವರಿಗೇ ಗೋಡೆ ಹೆಚ್ಚು ಅಪಾಯಕಾರಿ.

ಜಾಗದ ಹೆಸರು ಲೆಕುವಾನ್. ದೋಣಿಯ ಅಂಚಿನ ಮೇಲೆ ಕಡಲಿಗೆ ಬೆನ್ನು ಮಾಡಿ ಕೂತು, ಮಾಸ್ಕನ್ನೂ ರೆಗ್ಯುಲೇಟರನ್ನೂ ಅಂಗೈಯಲ್ಲಿ ಒತ್ತಿ ಹಿಡಿದು, ಮೂವರೂ ಒಟ್ಟಿಗೆ ಹಿಂದಕ್ಕೆ ಉರುಳಿದೆವು. ನೀರು ಬೆಚ್ಚಗಿತ್ತು, 28 ಡಿಗ್ರಿ. ಕೆಳಗೆ ಹವಳದ ನೆತ್ತಿ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಓಂ ಮುಂದೆ, ನಾವು ಹಿಂದೆ. ನಾಲ್ಕು ಸಲ ಫಿನ್ ಬಡಿಯುವುದರೊಳಗೆ ನೆತ್ತಿ ಮುಗಿದು ಅಂಚು ಬಂತು.

ಆಗುಂಬೆಯ ಘಟ್ಟದ ತುದಿಯಲ್ಲಿ ನಿಂತು ಕೆಳಗೆ ನೋಡಿದಾಗ ಮೈ ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದಲ್ಲ, ಇಲ್ಲೂ ಮೊದಲ ಗಳಿಗೆಯಲ್ಲಿ ಹಾಗೆಯೇ ಆಯಿತು. ಹೊಟ್ಟೆ ಬಿಗಿಯಿತು. ಆದರೆ ಅಂಚು ದಾಟಿದ ಮೇಲೂ ನಾನು ಬೀಳಲಿಲ್ಲ. ಜಾಕೆಟ್ಟಿನಿಂದ ಸ್ವಲ್ಪ ಗಾಳಿ ಬಿಟ್ಟೆ, ಉಸಿರನ್ನು ನಿಧಾನವಾಗಿ ಹೊರಹಾಕಿದೆ, ಗೋಡೆಯ ಪಕ್ಕದಲ್ಲೇ ಇಳಿಯತೊಡಗಿದೆ. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಇಡೀ ದೇಹವನ್ನು ಶ್ವಾಸಕೋಶ ಒಂದೇ ಎತ್ತಿ ಇಳಿಸುತ್ತದೆ. ಸ್ಕೂಬಾದಲ್ಲಿ ನನಗೆ ಯಾವತ್ತೂ ಹಳತಾಗದ ಸುಖ ಇದು.

ನೀರೊಳಗೆ ಮೌನವಿದೆ ಎನ್ನುವವರು ಹವಳದ ಬಳಿ ಹೋದವರಲ್ಲ. ಅಲ್ಲಿ ಸದಾ ಚಟಪಟ ಸದ್ದು. ಪಿಸ್ತೂಲು ಸಿಗಡಿ ಎಂಬ ಪುಟ್ಟ ಜೀವಿ ತನ್ನ ಕೊಂಡಿಯನ್ನು ಫಟ್ಟೆಂದು ಮುಚ್ಚಿದಾಗ ನೀರಿನಲ್ಲೊಂದು ಗುಳ್ಳೆ ಹುಟ್ಟಿ ಒಡೆಯುತ್ತದೆ, ಅದರ ಸದ್ದು. ಸಾವಿರಾರು ಸಿಗಡಿಗಳು ಸಂದುಗೊಂದುಗಳಲ್ಲಿ ಕೂತು ಹೀಗೆ ಸಿಡಿಸುತ್ತಿರುತ್ತವೆ. ನೀರಿನಲ್ಲಿ ಸದ್ದು ಗಾಳಿಯಲ್ಲಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಬರುವುದರಿಂದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ. ಗೋಡೆಯೇ ಮಾತಾಡುತ್ತಿದೆ ಅನ್ನಿಸುತ್ತದೆ.

ಬಣ್ಣಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ನೀರು ಮೊದಲು ಕೆಂಪನ್ನು ಹೀರಿಕೊಳ್ಳುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. 20 ಮೀಟರಿನಲ್ಲಿ ಎಲ್ಲವೂ ನೀಲಿ ಬೂದು. ಓಂ ಒಂದು ಕಪ್ಪು ಗಡ್ಡೆಯ ಮೇಲೆ ಟಾರ್ಚು ಬಿಟ್ಟರು. ಕಪ್ಪಾಗಿದ್ದದ್ದು ತಟ್ಟನೆ ರಕ್ತಗೆಂಪು ಸ್ಪಂಜು! ಅದರ ಪಕ್ಕದಲ್ಲೇ ಕುಂಕುಮದ ಬಣ್ಣದ ಮೃದು ಹವಳ, ಅದರ ಕೆಳಗೆ ನೇರಳೆ. ಟಾರ್ಚು ಸರಿಸಿದರೆ ಮತ್ತೆ ಎಲ್ಲ ಕಪ್ಪು. ಈ ಬಣ್ಣಗಳನ್ನು ಇಲ್ಲಿ ಇರುವ ಜೀವಿಗಳಲ್ಲಿ ಹೆಚ್ಚಿನವು ಎಂದೂ ನೋಡಿಯೇ ಇರುವುದಿಲ್ಲ ಎಂಬ ಯೋಚನೆ ಬಂದು ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಗೋಡೆಯನ್ನು ನೋಡುವುದಕ್ಕೆ ಎರಡು ಬಗೆ. ಬೆನ್ನನ್ನು ಗೋಡೆಗೆ ಮಾಡಿ ನೀಲಿಯ ಕಡೆ ನೋಡುತ್ತ ತಿಮಿಂಗಿಲವೋ ತೊರಕೆಯೋ ದೊಡ್ಡ ಶಾರ್ಕೋ ಬಂದೀತೆಂದು ಕಾಯುವುದು ಒಂದು. ಮುಖವನ್ನು ಗೋಡೆಗೆ ಮಾಡಿ ಒಂದು ಮೊಳದ ಜಾಗವನ್ನು ಓದುವುದು ಇನ್ನೊಂದು. ಮೊದಲ ಬಗೆಯವರು ಎಷ್ಟೋ ಸಲ ಏನೂ ಸಿಗಲಿಲ್ಲವೆಂದು ಬೇಸರದಿಂದ ಮೇಲೆ ಬರುತ್ತಾರೆ. ನನಗೆ ಎರಡನೆಯದೇ ಸರಿ. ಲೆಕುವಾನ್‌ನಲ್ಲಿ ಒಂದು ಮೊಳ ಜಾಗವೂ ಖಾಲಿಯಿಲ್ಲ. ಹವಳದ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಕಡಲ ಪಿಚಕಾರಿ, ಅದರ ಮೇಲೆ ಗರಿ ನಕ್ಷತ್ರ, ಗರಿ ನಕ್ಷತ್ರದ ತೋಳುಗಳ ನಡುವೆ ಅದೇ ಬಣ್ಣದ ಏಡಿ. ನೆಲ ಸಿಕ್ಕದ ಜೀವಿಗೆ ಇನ್ನೊಂದು ಜೀವಿಯ ಬೆನ್ನೇ ನೆಲ.

25 ಮೀಟರಿನಲ್ಲಿ ಓಂ ತಮ್ಮ ಕಬ್ಬಿಣದ ಕಡ್ಡಿಯಿಂದ ಸಿಲಿಂಡರನ್ನು ಟಣ್ ಟಣ್ ಎಂದು ತಟ್ಟಿ ಕರೆದರು. ಗೋಡೆಯಿಂದ ಹೊರಚಾಚಿದ ಬೀಸಣಿಗೆ ಹವಳ, ನನ್ನ ಎರಡು ಕೈ ಚಾಚಿದಷ್ಟು ಅಗಲ. ಸೆಳೆತಕ್ಕೆ ಅಡ್ಡವಾಗಿ ನಿಂತಿತ್ತು, ಯಾಕೆಂದರೆ ಇದಕ್ಕೆ ಬಿಸಿಲಿನ ಹಂಗಿಲ್ಲ, ನೀರು ಹೊತ್ತು ತರುವ ಸೂಕ್ಷ್ಮಜೀವಿಗಳೇ ಊಟ. ಓಂ ಕಡ್ಡಿಯ ತುದಿಯನ್ನು ಒಂದು ಕವಲಿನ ಹತ್ತಿರ, ಮುಟ್ಟದ ಹಾಗೆ ಹಿಡಿದರು. ಮೊದಲು ನನಗೆ ಕವಲು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಕವಲಿನ ಮೇಲಿನ ಗಂಟೊಂದು ಅಲುಗಿತು. ಅದಕ್ಕೆ ಕಣ್ಣಿತ್ತು. ಕುಳ್ಳ ಕಡಲ್ಗುದುರೆ! ಉದ್ದ 2 ಸೆಂಟಿಮೀಟರಿಗೂ ಕಡಿಮೆ. ಬಿಳಿಗುಲಾಬಿ ಮೈ, ಮೈತುಂಬ ಕೆಂಪು ಗಂಟುಗಳು. ಹವಳದ ಮುಚ್ಚಿದ ಮೊಗ್ಗುಗಳೂ ಅದೇ ಗಾತ್ರ, ಅದೇ ಕೆಂಪು. ಬಾಲವನ್ನು ಕವಲಿಗೆ ಒಂದು ಸುತ್ತು ಸುತ್ತಿ, ಸೆಳೆತ ತಳ್ಳಿದಾಗ ಹವಳದ ಜೊತೆಗೇ ಬಾಗಿ, ಬಿಟ್ಟಾಗ ಅದರ ಜೊತೆಗೇ ನೆಟ್ಟಗಾಗುತ್ತಿತ್ತು. ಈ ಜೀವಿ ಇದೆಯೆಂದು ವಿಜ್ಞಾನಕ್ಕೆ ತಿಳಿದದ್ದೇ 1969ರಲ್ಲಿ, ಅದೂ ಕಡಲಿನಲ್ಲಲ್ಲ. ನ್ಯೂ ಕ್ಯಾಲೆಡೋನಿಯಾದಲ್ಲಿ ಜಾರ್ಜ್ ಬಾರ್ಗಿಬಾಂ ಎಂಬಾತ ಅಕ್ವೇರಿಯಂಗೆಂದು ತಂದ ಬೀಸಣಿಗೆ ಹವಳವನ್ನು ಪರೀಕ್ಷಿಸುತ್ತಿದ್ದಾಗ ಅದರ ಮೇಲೆ ಇದು ಕಂಡಿತು. ಮರುವರ್ಷ ಅದಕ್ಕೆ ಆತನ ಹೆಸರನ್ನೇ ಇಟ್ಟರು. ಬೆಳೆದ ಮೇಲೆ ಅದು ಇಡೀ ಆಯುಷ್ಯವನ್ನು ಆ ಒಂದೇ ಬೀಸಣಿಗೆಯ ಮೇಲೆ ಕಳೆಯುತ್ತದೆ. ಹಾಗಾಗಿ ಯಾರಾದರೂ ಒಂದು ಫಿನ್ ತಾಗಿಸಿ ಆ ಬೀಸಣಿಗೆ ಮುರಿದರೆ ಅದರ ಊರೇ ಮುಳುಗಿದ ಹಾಗೆ. ನಾನು ಉಸಿರನ್ನು ಹಿಡಿತದಲ್ಲಿಟ್ಟುಕೊಂಡು ಹಿಂದೆ ಸರಿದೆ.

ಗೋಡೆಯ ಒಂದು ಚಾಚಿನ ಮೇಲೆ ಹಸಿರು ಕಡಲಾಮೆಯೊಂದು ಮಲಗಿತ್ತು, ಬೆನ್ನಿನ ಮೇಲೆ ಪಾಚಿ. ಬುನಾಕೆನ್‌ನಲ್ಲಿ ಆಮೆಗಳಿಗೆ ಬರವಿಲ್ಲ. ಅದು ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಅಂತೂ ಮೇಲಕ್ಕೆ ಹೊರಟೆವು. ಮೇಲೇರುವುದು ನಿಧಾನವಾಗಿ ಆಗಬೇಕು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗದೆ ಉಸಿರಿನ ದಾರಿಯಲ್ಲೇ ಹೊರಬೀಳುವಷ್ಟು ನಿಧಾನ. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ಪದ್ಧತಿ. ಬೇರೆ ಕಡೆ ಈ ಮೂರು ನಿಮಿಷ ಬರಿ ನೀರಿನಲ್ಲಿ ನೇತಾಡುವ ಬೇಸರದ ಕೆಲಸ. ಗೋಡೆಯಲ್ಲಿ ಹಾಗಲ್ಲ. 5 ಮೀಟರು ಅಂದರೆ ಗೋಡೆಯ ತುಟಿ, ಇಡೀ ದಿನದ ಅತಿ ಶ್ರೀಮಂತ ಜಾಗ. ಓಂ ನಮ್ಮನ್ನು ಅಲ್ಲಿ ಕಾಲು ಗಂಟೆಗೂ ಹೆಚ್ಚು ಹೊತ್ತು ಬಿಟ್ಟರು.

ಅಲ್ಲಿ ಸಾವಿರಾರು ಆಂಥಿಯಸ್ ಮೀನುಗಳು. ಕಿತ್ತಳೆ ಬಣ್ಣದವು ಹೆಣ್ಣು, ನೇರಳೆಯವು ಗಂಡು. ಇವು ಎಲ್ಲವೂ ಹುಟ್ಟುವುದು ಹೆಣ್ಣಾಗಿಯೇ. ಗುಂಪಿನ ಗಂಡು ಸತ್ತರೆ ಹೆಣ್ಣುಗಳಲ್ಲಿ ಹಿರಿಯದು ಕೆಲವೇ ವಾರಗಳಲ್ಲಿ ಗಂಡಾಗಿ ಬದಲಾಗುತ್ತದೆ, ಬಣ್ಣ ಸಮೇತ. ಸೆಳೆತ ಬಲವಾದಾಗ ಅವೆಲ್ಲ ಒಟ್ಟಿಗೆ ನೀಲಿಯತ್ತ ಮುಖ ಮಾಡಿ ಗೋಡೆಯಿಂದ ಹೊರಗೆ ಹಬ್ಬುತ್ತವೆ, ನೀರಿನಲ್ಲಿ ಬರುವ ಪ್ಲಾಂಕ್ಟನ್ ಹೆಕ್ಕುತ್ತವೆ. ದೊಡ್ಡದೊಂದು ನೆರಳು ಹಾಯ್ದರೆ ಅಷ್ಟೂ ಒಂದೇ ಕ್ಷಣಕ್ಕೆ ಹವಳದೊಳಗೆ ಮಾಯ. ನೆರಳು ದಾಟಿದರೆ ಮತ್ತೆ ಹೊರಗೆ. ಅವುಗಳಾಚೆ ಕೆಂಪುಹಲ್ಲಿನ ಟ್ರಿಗರ್ ಮೀನುಗಳ ಕಪ್ಪು ನೀಲಿ ಹಿಂಡು.

ಇಷ್ಟೊಂದು ಜೀವ ಈ ತುಟಿಯಲ್ಲೇ ಯಾಕೆ ನೆರೆಯುತ್ತದೆ? ಬೆಳಕು ಮೇಲಿನಿಂದ ಬರುತ್ತದೆ, ಊಟ ಆಳದ ಕಡೆಯಿಂದ ಬರುತ್ತದೆ, ಎರಡೂ ಸಂಧಿಸುವುದು ಇಲ್ಲಿ. ಹವಳದ ಹುಳುವಿನ ಮೈಯೊಳಗೆ ಒಂಟಿಕೋಶದ ಪಾಚಿಗಳು ವಾಸವಾಗಿವೆ, ಅವು ಬಿಸಿಲಿನಿಂದ ಸಕ್ಕರೆ ಮಾಡಿ ಹುಳುವಿಗೆ ಕೊಡುತ್ತವೆ. ಹುಳು ಅದರ ಬಲದಿಂದ ಸುಣ್ಣದ ಮನೆ ಕಟ್ಟುತ್ತದೆ. ಸೆಳೆತದ ಕತೆಯೇ ಬೇರೆ. ಪೆಸಿಫಿಕ್ ಸಾಗರದ ಪಶ್ಚಿಮ ಭಾಗದ ನೀರಿನ ಮಟ್ಟ ಹಿಂದೂ ಮಹಾಸಾಗರದ್ದಕ್ಕಿಂತ ಸ್ವಲ್ಪ ಎತ್ತರ, ಆದ್ದರಿಂದ ಇಂಡೋನೇಷ್ಯಾದ ದ್ವೀಪಗಳ ಸಂದಿನಿಂದ ನೀರು ಇತ್ತ ಹರಿಯುತ್ತಲೇ ಇರುತ್ತದೆ. ಸೆಕೆಂಡಿಗೆ ಸುಮಾರು 1.5 ಕೋಟಿ ಘನ ಮೀಟರು. ಲೋಕದ ನದಿಗಳೆಲ್ಲ ಸೇರಿದರೂ ಅಷ್ಟು ಹರಿಯುವುದಿಲ್ಲ. ಸುಲವೇಸಿಯ ಉತ್ತರ ಆ ಹರಿವಿನ ಹೆಬ್ಬಾಗಿಲಿನಲ್ಲಿದೆ. ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಪಾಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ತಿಮೋರ್ ಲೆಸ್ತೆ ಇಷ್ಟನ್ನು ಒಳಗೊಂಡ ಕಡಲಿಗೆ ಹವಳ ತ್ರಿಕೋನ ಎಂದು ಹೆಸರು. ಲೋಕದಲ್ಲಿ ಗೊತ್ತಿರುವ ದಿಬ್ಬ ಕಟ್ಟುವ ಹವಳಗಳ ಜಾತಿಗಳಲ್ಲಿ ಮುಕ್ಕಾಲು ಪಾಲು ಇಲ್ಲಿವೆ, ಹವಳದ ಮೀನುಗಳೇ 2,000ಕ್ಕೂ ಹೆಚ್ಚು ಜಾತಿ.

ಎರಡು ಮುಳುಗುಗಳ ನಡುವೆ ಬಿಡುವು ಬೇಕು, ದೇಹದ ಸಾರಜನಕ ಇಳಿಯಬೇಕು. ದಂಡೆಯ ಮೇಲೆ ತಗಡಿನ ಮಾಡಿನ ಅಂಗಡಿಯೊಂದರಲ್ಲಿ ಕೂತೆವು. ಅಂಗಡಿಯಾಕೆ ಕರಿದ ಬಾಳೆಕಾಯಿ ತಂದಿಟ್ಟಳು, ಜೊತೆಗೆ ಖಾರದ ಸಾಂಬಲ್. ಬಾಳೆಯ ಜೊತೆ ಮೆಣಸಿನಕಾಯಿಯೇ ಎಂದು ತಂಗಿಯ ಮಗಳು ಅನುಮಾನಿಸಿದಳು. ಒಂದು ತುಂಡು ತಿಂದ ಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ದೊಡ್ಡಮ್ಮ, ಹಳೇ ಕಾಲದವರು ಇದನ್ನೆಲ್ಲ ನೋಡೇ ಇರಲಿಲ್ಲ ಅಲ್ವಾ?”

ನೋಡಿದ್ದರು, ಮೇಲಿನಿಂದ. ಆಲ್ಫ್ರೆಡ್ ರಸೆಲ್ ವಾಲೆಸ್ 1859ರ ಜೂನ್‌ನಲ್ಲಿ ಮನಾಡೋಗೆ ಬಂದಿದ್ದ. ಹಕ್ಕಿ, ಜೀರುಂಡೆ, ಚಿಟ್ಟೆಗಳನ್ನು ಸಂಗ್ರಹಿಸುತ್ತ ಈ ದ್ವೀಪಸ್ತೋಮದಲ್ಲೇ ಎಂಟು ವರ್ಷ ಅಲೆದವನು. ಅಂಬೋನ್ ಬಂದರಿನಲ್ಲಿ ದೋಣಿಯ ಮೇಲಿಂದ ಹವಳದ ತೋಟವನ್ನು ಬಗ್ಗಿ ನೋಡಿ ಬೆರಗಾಗಿ ಬರೆದಿದ್ದಾನೆ. ಏಷ್ಯಾದ ಪ್ರಾಣಿಗಳೂ ಆಸ್ಟ್ರೇಲಿಯಾದ ಪ್ರಾಣಿಗಳೂ ಬೇರೆಯಾಗುವ ಗಡಿಯನ್ನು ಗುರುತಿಸಿದ ಆ ಕಣ್ಣಿಗೆ ಈ ಗೋಡೆಯ ಒಂದು ಮೊಳವೂ ಹತ್ತಿರದಿಂದ ಕಾಣಸಿಗಲಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ ತರುತ್ತದೆ. ಅವನು ಮನಾಡೋಗೆ ಬಂದು 84 ವರ್ಷಗಳಾದ ಮೇಲೆ, 1943ರಲ್ಲಿ, ಫ್ರಾನ್ಸಿನಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ಸೇರಿ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಬೇಕಾದಷ್ಟೇ ಗಾಳಿ ಬಿಡುವ ರೆಗ್ಯುಲೇಟರ್ ರೂಪಿಸಿದರು. ನಮ್ಮ ಬಾಯಲ್ಲಿದ್ದದ್ದು ಅದರ ಮರಿಮಗಳು.

ಓಂ ಹುಡುಗನಾಗಿದ್ದಾಗ ಇಲ್ಲಿ ಬಾಂಬು ಹಾಕಿ ಮೀನು ಹಿಡಿಯುತ್ತಿದ್ದರಂತೆ. ಬಾಟಲಿಗೆ ಗೊಬ್ಬರ ತುಂಬಿ ಬತ್ತಿ ಹಚ್ಚಿ ಎಸೆದರೆ ಸತ್ತ ಮೀನು ತೇಲುತ್ತದೆ, ಹವಳ ಪುಡಿಯಾಗುತ್ತದೆ. “ಮನೆಯೊಳಗೆ ಕೂತಿದ್ದರೂ ಸದ್ದು ಕೇಳುತ್ತಿತ್ತು. ಆಗ ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ ಇಬು, ಮೀನು ಬೇಕಿತ್ತು ಅಷ್ಟೆ.” 2001ರಿಂದ ಮುಳುಗುವವರಿಂದ ಉದ್ಯಾನದ ಪ್ರವೇಶ ಶುಲ್ಕ ವಸೂಲಿ ಶುರುವಾಯಿತು, ಕಾವಲಿನ ದೋಣಿಗಳಲ್ಲಿ ಹಳ್ಳಿಯವರೂ ಕೂತರು. ಮೀನು ಹಿಡಿಯುವ ಜಾಗ ಯಾವುದು, ಬಿಡುವ ಜಾಗ ಯಾವುದು ಎಂದು ಹಳ್ಳಿಗಳ ಜೊತೆ ಕೂತು ಗುರುತು ಮಾಡಿದರು. ಜನರನ್ನು ಎಬ್ಬಿಸಿ ಕಾಡು ಉಳಿಸುತ್ತೇವೆನ್ನುವ ಯೋಜನೆಗಳನ್ನು ನಮ್ಮಲ್ಲಿ ಬೇಕಾದಷ್ಟು ಕಂಡಿರುವ ನನಗೆ ಈ ದಾರಿ ಹೆಚ್ಚು ನ್ಯಾಯದ್ದಾಗಿ ಕಾಣುತ್ತದೆ. ಎಲ್ಲವೂ ಸರಿಹೋಗಿದೆ ಎಂದಲ್ಲ. ಮಳೆಗಾಲದಲ್ಲಿ ಮನಾಡೋದ ಹೊಳೆಗಳು ಹೊತ್ತು ತರುವ ಪ್ಲಾಸ್ಟಿಕ್ ನೇರವಾಗಿ ಇತ್ತ ಬರುತ್ತದೆ. ಎರಡನೆಯ ಮುಳುಗಿನಲ್ಲಿ ಹವಳಕ್ಕೆ ಸುತ್ತಿಕೊಂಡಿದ್ದ ಶಾಂಪೂ ಪೊಟ್ಟಣದ ಮಾಲೆಯೊಂದನ್ನು ಓಂ ಬಿಡಿಸಿ ಜೇಬಿಗೆ ತುಂಬಿಕೊಂಡರು.

ಎರಡನೆಯದು ಮಂಡೋಲಿನ್ ಎಂಬ ಜಾಗ. ಹಳದಿ ಬಿಳಿಯ ಪಿರಮಿಡ್ ಚಿಟ್ಟೆಮೀನುಗಳು ಅಲ್ಲಿ ನೂರುಗಟ್ಟಲೆ. ನನ್ನ ಕಣ್ಣು ಮಾತ್ರ ಗೋಡೆಯಲ್ಲಿನ ಗುಹೆಗಳ ಮೇಲಿತ್ತು. ಆಳವಿಲ್ಲದ ಗುಹೆಗಳು, ಮಾಡಿನಂತೆ ಮುಂದೆ ಚಾಚಿದ ಬಂಡೆ, ಒಳಗೆ ಕತ್ತಲು ಬಯಸುವ ಕೆಂಪು ಅಳಿಲುಮೀನುಗಳು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಕಡುಚಳಿಯಲ್ಲಿ ಲೋಕದ ನೀರು ಧ್ರುವಗಳ ಕಡೆ ಮಂಜುಗಡ್ಡೆಯಾಗಿ ಕೂತಿದ್ದಾಗ, ಕಡಲಿನ ಮಟ್ಟ ಇವತ್ತಿಗಿಂತ ಸುಮಾರು 120 ಮೀಟರು ಕೆಳಗಿತ್ತು. ನಾನು ತೇಲುತ್ತಿದ್ದ ಜಾಗ ಆಗ ಬಯಲು ಗಾಳಿ. ಈ ಗೋಡೆ ಒಣ ಕೊರಕಲು, ಅಲೆ ಬಡಿಯುತ್ತಿದ್ದದ್ದು ನನ್ನ ಕಾಲಿನಿಂದ ನೂರು ಮೀಟರು ಕೆಳಗೆ. ಆಮೇಲೆ ಮಂಜು ಕರಗಿತು, ಕಡಲು ಏರಿತು, ಹವಳ ಅದರ ಜೊತೆಜೊತೆಗೆ ಹತ್ತುತ್ತ ಬಂತು.

ಊಟವಾದ ಮೇಲೆ ಸಿಲಿಂಡರ್ ಬಿಟ್ಟು, ಮಾಸ್ಕು ಮತ್ತು ಸ್ನಾರ್ಕೆಲ್ ಹಾಕಿ, ಗೋಡೆಯ ನೆತ್ತಿಯ ಮೇಲೆ ತೇಲಿದೆವು. ಸ್ಕೂಬಾದವರು ಸಾಮಾನ್ಯವಾಗಿ ಈ ನೆತ್ತಿಯನ್ನು ನೋಡುವುದಿಲ್ಲ, ದೋಣಿ ಅವರನ್ನು ನೇರ ಅಂಚಿಗೆ ಒಯ್ಯುತ್ತದೆ. ಬುನಾಕೆನ್‌ನ ದುಃಖ ಇರುವುದು ಅಲ್ಲಿ.

2015ರ ಕೊನೆಗೆ ದೊಡ್ಡ ಎಲ್ ನಿನ್ಯೋ ಬಂತು. ಪೂರ್ವದಿಂದ ಬೀಸಿ ಪೆಸಿಫಿಕ್ಕಿನ ಬಿಸಿನೀರನ್ನು ಪಶ್ಚಿಮಕ್ಕೆ ಒತ್ತಿ ಹಿಡಿದಿರುವ ವಾಣಿಜ್ಯ ಮಾರುತಗಳು ಸೊರಗಿದವು, ನೀರು ಪೂರ್ವಕ್ಕೆ ವಾಪಸು ಸರಿಯಿತು, ಇತ್ತ ಕಡಲಿನ ಮಟ್ಟ ಇಳಿಯಿತು. 120 ಮೀಟರಿನ ಲೆಕ್ಕವಲ್ಲ, ಗೇಣಿನ ಲೆಕ್ಕ. ಆದರೆ ನೆತ್ತಿಯ ಹವಳ ಕಡಲಿನ ಅತಿ ತಗ್ಗಿನ ಇಳಿತಕ್ಕೆ ಸರಿಯಾಗಿ ಬೆಳೆದು ನಿಂತದ್ದು. ಅದರ ತಲೆಯ ಮೇಲೆ ಗೇಣು ನೀರು ಕಡಿಮೆಯಾದರೆ ಅದು ಇಳಿತದ ಹೊತ್ತಿಗೆ ಬಿಸಿಲಿಗೆ ಬಿದ್ದ ಹಾಗೆಯೇ. 2016ರ ಆರಂಭದಲ್ಲಿ ಸಂಶೋಧಕರು ಬಂದು ನೋಡಿದಾಗ ನೆತ್ತಿಯ ಕೆಲವು ಭಾಗಗಳಲ್ಲಿ ಬಹುಪಾಲು ಹವಳ ಸತ್ತಿತ್ತು. ನೀರು ಬಿಸಿಯಾಗಿ ಹವಳ ಬೆಳ್ಳಗಾಗುವುದು ಎಲ್ಲರಿಗೂ ಗೊತ್ತಿತ್ತು. ಬಿಸಿ ತಟ್ಟುವುದಕ್ಕೆ ಮೊದಲೇ, ಕಡಲು ತುಸು ಹಿಂದೆ ಸರಿದ ಕಾರಣಕ್ಕೇ ಹವಳ ಸಾಯಬಹುದೆಂದು ಬುನಾಕೆನ್ ತೋರಿಸಿಕೊಟ್ಟಿತು.

ಓಂ ಒಂದು ದುಂಡು ಹವಳದ ಬಳಿ ನಮ್ಮನ್ನು ನಿಲ್ಲಿಸಿದರು. ಪೊರೈಟಿಸ್ ಕುಲದ್ದು, ನಮ್ಮ ಮನೆಯ ಊಟದ ಮೇಜಿಗಿಂತ ಅಗಲ. ಮೇಲ್ಭಾಗ ಸತ್ತು ಚಪ್ಪಟೆ, ಬೂದು ಪಾಚಿ ಕಟ್ಟಿದೆ. ಸುತ್ತಲ ಅಂಚು ಮಾತ್ರ ಜೀವಂತ, ಹಳದಿಗಂದು ಬಣ್ಣದ ಬಳೆ. ಮೇಲಕ್ಕೆ ಬೆಳೆಯಲು ನೀರಿನ ಮಟ್ಟ ಬಿಡದು, ಆದ್ದರಿಂದ ಪಕ್ಕಕ್ಕೆ ಬೆಳೆಯುತ್ತದೆ. ಇಂಥ ಹವಳದ ಮೇಲ್ಮೈಯ ಏರಿಳಿತ ನೋಡಿ ಹಿಂದಿನ ಕಾಲದ ಕಡಲ ಮಟ್ಟವನ್ನು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ನಾನು ಮುಖವನ್ನು ಹತ್ತಿರ ಒಯ್ದೆ. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವಿನ ಗೆರೆ ಎಷ್ಟು ನೇರವಾಗಿತ್ತೆಂದರೆ ನೀರು ಆ ದಿನ ಎಲ್ಲಿ ನಿಂತಿತ್ತೆಂದು ಬೆರಳಿಟ್ಟು ತೋರಿಸಬಹುದಿತ್ತು. ಬೂದು ಭಾಗದ ಒಂದು ಮೂಲೆಯಲ್ಲಿ ಕವಲು ಹವಳದ ಎಳೆಯ ಸಸಿಯೊಂದು ಹುಟ್ಟಿತ್ತು, ತುದಿಗಳು ತಿಳಿನೀಲಿ. ಅದರೊಳಗೆ ಹಸಿರು ಡ್ಯಾಮ್ಸೆಲ್ ಮೀನಿನ ಮರಿಗಳು ಆಗಲೇ ಮನೆ ಮಾಡಿದ್ದವು.

“ಆ ವರ್ಷ ನಮ್ಮೂರವರು ಮೊದಲು ವಾಸನೆಯಿಂದ ತಿಳಿದರು,” ಎಂದರು ಓಂ, ನೀರಿನಿಂದ ತಲೆಯೆತ್ತಿ. “ಬೆಳಿಗ್ಗೆ ದಂಡೆಗೆ ಬಂದರೆ ಕೊಳೆತ ವಾಸನೆ.”

“ಈ ದೊಡ್ಡದು ಮತ್ತೆ ತುಂಬಿಕೊಳ್ಳುತ್ತಾ ಓಂ?” ತಂಗಿಯ ಮಗಳು ಕೇಳಿದಳು.

“ಈ ಜಾತಿ ವರ್ಷಕ್ಕೆ ಒಂದು ಬೆರಳಿನಗಲವೂ ಬೆಳೆಯುವುದಿಲ್ಲ. ಕವಲಿನದು ಬೇಗ ಬರುತ್ತದೆ. ಮತ್ತೆ ಅಂಥ ವರ್ಷ ಬರದಿದ್ದರೆ.”

ಅಂಥ ವರ್ಷಗಳು ಹತ್ತಿರಹತ್ತಿರ ಬರತೊಡಗಿವೆ. 2024ರ ಏಪ್ರಿಲ್‌ನಲ್ಲಿ ಲೋಕದ ಹವಳ ಬೆಳ್ಳಗಾಗುವ ನಾಲ್ಕನೆಯ ಜಾಗತಿಕ ವಿಪತ್ತನ್ನು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಘೋಷಿಸಿತು. ಮಾಮೂಲಿ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೂ ಸಾಕು, ಹವಳದ ಹುಳು ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಬಣ್ಣ ಹೋಗುತ್ತದೆ, ಊಟವೂ ಹೋಗುತ್ತದೆ. ಆಳದ ತಂಪು ನೀರು ಪಕ್ಕದಲ್ಲೇ ಇರುವ ಗೋಡೆಗಳಿಗೆ ಸ್ವಲ್ಪ ಹೆಚ್ಚಿನ ರಕ್ಷಣೆ ಉಂಟು. ನೆತ್ತಿಗೆ ಆ ರಕ್ಷಣೆಯಿಲ್ಲ. ಆದರೆ ಮೀನಿನ ಮರಿಗಳು ಬೆಳೆಯುವುದು, ಹಳ್ಳಿಯ ಹೆಂಗಸರು ಮಕ್ಕಳು ಇಳಿತದಲ್ಲಿ ಚಿಪ್ಪು ಆರಿಸುವುದು, ಅಲೆಯ ಹೊಡೆತ ಮುರಿದು ದಂಡೆಯ ಮನೆಗಳು ಉಳಿಯುವುದು ಎಲ್ಲ ಈ ನೆತ್ತಿಯ ಮೇಲೆಯೇ. ಗೋಡೆಯ ಚಿತ್ರ ತೆಗೆದು ತರುವವರು ನೆತ್ತಿಯ ಚಿತ್ರವನ್ನೂ ತರಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ದೋಣಿ ದಂಡೆಗೆ ಬರಬೇಕಾದರೆ ನೆತ್ತಿಯ ಮೇಲೆ ಉಬ್ಬರದ ನೀರು ಏರಬೇಕು. ಕಾಯುತ್ತ ಕೂತಾಗ ಎದುರಿಗೆ ಮನಾಡೋ ತುವಾ ದ್ವೀಪ, ಆರಿದ ಅಗ್ನಿಪರ್ವತದ ಶಂಕು, ಸುಮಾರು 800 ಮೀಟರು ಎತ್ತರ. ಮರುದಿನ ಬೆಳಿಗ್ಗೆ ನಾವು ಹೋಗಬೇಕಿದ್ದದ್ದು ಅದರ ಬುಡದ ಗೋಡೆಗೆ.

ಆ ದ್ವೀಪದ ಜೊತೆಗೆ ಒಂದು ಮೀನಿನ ಕತೆ ಸೇರಿಕೊಂಡಿದೆ. ಡೈನೋಸಾರುಗಳ ಕಾಲಕ್ಕೇ ಅಳಿದುಹೋಯಿತೆಂದು ತಿಳಿದಿದ್ದ ಸೀಲಕಾಂತ್ ಎಂಬ ಮೀನು 1938ರಲ್ಲಿ ದಕ್ಷಿಣ ಆಫ್ರಿಕದ ಬಳಿ ಜೀವಂತ ಸಿಕ್ಕಿತ್ತು. ಅದು ಆಫ್ರಿಕದ ಕಡೆಗೆ ಮಾತ್ರ ಉಳಿದಿದೆ ಎಂದು ಅರವತ್ತು ವರ್ಷ ನಂಬಿದ್ದರು. 1997ರ ಸೆಪ್ಟೆಂಬರಿನಲ್ಲಿ ಮಧುಚಂದ್ರಕ್ಕೆ ಬಂದಿದ್ದ ಜೀವವಿಜ್ಞಾನಿ ಮಾರ್ಕ್ ಎರ್ಡ್‌ಮನ್ ದಂಪತಿ ಮನಾಡೋದ ಮೀನು ಮಾರುಕಟ್ಟೆಗೆ ಹೋದಾಗ, ಗಾಡಿಯಲ್ಲಿ ಸಾಗುತ್ತಿದ್ದ ಒಂದು ವಿಚಿತ್ರ ಮೀನು ಹೆಂಡತಿಯ ಕಣ್ಣಿಗೆ ಬಿತ್ತು. ಫೋಟೋ ತೆಗೆದುಕೊಂಡರು, ಮೀನು ಮಾರಿಹೋಯಿತು. ಮರುವರ್ಷ ಜುಲೈ 30ರಂದು ಇದೇ ಮನಾಡೋ ತುವಾದ ಬಳಿ ಬೆಸ್ತರ ಆಳದ ಬಲೆಗೆ ಇನ್ನೊಂದು ಬಿತ್ತು, 100ರಿಂದ 150 ಮೀಟರು ಆಳದಲ್ಲಿ. ಇಲ್ಲಿನ ಬೆಸ್ತರಿಗೆ ಅದು ಹೊಸದಲ್ಲ, ರಾಜಾ ಲಾವುತ್ ಎಂಬ ಹೆಸರೇ ಇತ್ತು. 1999ರಲ್ಲಿ ವಿಜ್ಞಾನ ಅದನ್ನು ಬೇರೆಯೇ ಜಾತಿಯೆಂದು ಒಪ್ಪಿ ಮನಾಡೋದ ಹೆಸರಿಟ್ಟಿತು.

ತಂಗಿಯ ಮಗಳು ಎರಡೂ ಮೊಣಕೈ ದೋಣಿಯ ಅಂಚಿಗೆ ಊರಿ ಕೇಳುತ್ತಿದ್ದಳು. “ನಾಳೆ ನಾವು ಎಷ್ಟು ಆಳ ಓಂ?”

“30 ಮೀಟರು.”

“ಅದು ಇರೋದು?”

“ಹಗಲಲ್ಲಿ ಗುಹೆಯೊಳಗೆ. ನೂರು ದಾಟಿ, ಅದಕ್ಕೂ ಕೆಳಗೆ.”

ಅವಳು ಕೈಯ ಕಂಪ್ಯೂಟರ್ ಒತ್ತಿ ಆ ದಿನದ ಗರಿಷ್ಠ ಆಳ ನೋಡಿಕೊಂಡಳು, ಟಾರ್ಚಿನ ಬ್ಯಾಟರಿ ಚಾರ್ಜಿಗೆ ಹಾಕಬೇಕೆಂದು ನನಗೆ ನೆನಪು ಮಾಡಿದಳು. ಅಷ್ಟರಲ್ಲಿ ನೀರು ಏರಿತ್ತು, ಓಂ ಎಂಜಿನ್ ಶುರುಮಾಡಿದರು.